ತಣ್ಣೀರಲ್ಲಿ ನೆನೆಹಾಕಿದ ಅಂಗಿ

ಗಲಾಟೆ ಮುಗಿದು ಪೇಟೆ ತಣ್ಣಗಾದ ಮೇಲೆ ಮಡಿವಾಳರ ಸೋಮಿಗೆ ಒಂದಿದ್ದ ಉಬ್ಬೆ ಎರಡಾಯಿತು.

ಮೊದಲು ಬಟ್ಟೆ ಬೇಯಿಸಲು ಒಂದೇ ಹಂಡೆ. ಅತ್ತೆಯ ಕಾಲದ ತಾಮ್ರದ ಹಂಡೆ. ಮೇಲಿನಕೇರಿಯ ಪಂಚೆ, ಸೀರೆ, ಮುಸಲ್ಮಾನರ ನವಾಯತಕೇರಿಯ ಲುಂಗಿ, ಜುಬ್ಬ, ಹಾಸಿಗೆ ವಸ್ತ್ರ ಎಲ್ಲವೂ ಬೂದಿನೀರು ಕುಡಿದು ಅದರಲ್ಲೇ ಒಟ್ಟಿಗೆ ಬೇಯುತ್ತಿದ್ದವು. ಮೂರು ತಲೆಮಾರಿನಿಂದ ಹಾಗೆ ಬೆಂದಿದ್ದವು. ಅದರಿಂದ ಯಾರ ಜಾತಿಯೂ ಕೆಟ್ಟಿರಲಿಲ್ಲ.

ಸ್ವರಾಜ್ಯ ಬಂದ ಆರನೇ ತಿಂಗಳು, ಮಾಘದಲ್ಲಿ, ಬಿದ್ರಕೋಡಿ ಬಂದರದ ಕಟ್ಟೆಯ ಮೇಲೆ ಎರಡೂ ಕೇರಿಯವರು ಬಡಿದಾಡಿಕೊಂಡರು. ನವಾಯತಕೇರಿಯ ಮೀರಾನ್ ಎಂಬ ಇಪ್ಪತ್ತೆರಡು ವರ್ಷದವನು ಸತ್ತ. ಮೇಲಿನಕೇರಿಯ ಒಬ್ಬನ ಕಣ್ಣು ಹೋಯಿತು. ನಾಲ್ಕು ಅಂಗಡಿ ಸುಟ್ಟವು. ಪೋಲೀಸರು ಹದಿನೈದು ದಿನ ಸಾಲೆಯಲ್ಲಿ ಬಿಡಾರ ಮಾಡಿದರು. ಅವರು ಗಂಟು ಕಟ್ಟಿಕೊಂಡು ಹೋದ ಮೇಲೆ ಎರಡೂ ಕೇರಿಯಿಂದ ಸೋಮಿಗೆ ಹೇಳಿಕಳಿಸಿದ ಮಾತು ಒಂದೇ: ನಮ್ಮ ಬಟ್ಟೆಯನ್ನು ಅವರ ಬಟ್ಟೆಯ ಜೊತೆ ಬೇಯಿಸಬೇಡ.

ಬೇರೆ ಯಾವ ವಿಷಯದಲ್ಲೂ ಆ ಎರಡು ಕೇರಿಗಳಿಗೆ ಆಗ ಒಮ್ಮತ ಇರಲಿಲ್ಲ.

ಎರಡನೇ ಹಂಡೆಯನ್ನು ಯಾರೂ ಕೊಡಲಿಲ್ಲ. ಸೋಮಿ ದೊಡ್ಡದೊಂದು ಮಣ್ಣಿನ ಗಡಿಗೆಗೆ ಬೇರೆ ಒಲೆ ಹೂಡಿದಳು. ಒಲೆ ಎರಡಾದರೆ ಸೌದೆಯೂ ಎರಡು ಹೊರೆ. ಗುಡ್ಡ ಹತ್ತಿ ಸೌದೆ ತರುವವಳೂ ಅವಳೇ, ಹಳ್ಳದಿಂದ ನೀರು ಹೊರುವವಳೂ ಅವಳೇ, ಬಂಡೆಗೆ ಬಡಿಯುವವಳೂ ಅವಳೇ. ಮೊದಲು ಬಡಿಯುವ ಕೆಲಸ ಗಂಡ ಶನಿಯಾರನದಾಗಿತ್ತು. ಈಗ ಅವನ ಬಲಗೈ ಬೆರಳು ಮಡಚುವುದಿಲ್ಲ. ಕೈ ಎತ್ತಿದರೆ ಮೊಣಕೈಯಿಂದ ಕೆಳಗಿನದೆಲ್ಲ ಒದ್ದೆ ಬಟ್ಟೆಯ ಹಾಗೆ ಜೋಲುತ್ತದೆ. ಅವನು ಹಳ್ಳದ ದಂಡೆಯಲ್ಲಿ ಕೂತು ಎಡಗೈಯಲ್ಲಿ ಎರಡೂ ಒಲೆಗೆ ಸೌದೆ ದೂಡುತ್ತಾನೆ. ಮಾತು ಮೊದಲೇ ಕಮ್ಮಿ. ಈಗ ಅದೂ ನಿಂತಿದೆ.

ಅವನ ಕೈ ಹೋದದ್ದು ಒಂದು ಅಂಗಿಯ ದೆಸೆಯಿಂದ.

ಗಲಾಟೆಯ ಮರುದಿನ ಬಂದ ಗಂಟು ಬಿಚ್ಚಿದಾಗ ಸೀರೆಗಳ ನಡುವೆ ಸುತ್ತಿಟ್ಟ ಒಂದು ಬಿಳಿ ಅಂಗಿ ಇತ್ತು. ಎದೆಯಿಂದ ಬಲತೋಳಿನವರೆಗೆ ರಕ್ತ. ಒಣಗಿ ಹಲಗೆಯಾಗಿತ್ತು. ಬೇರೆಯವರ ಕೈಗೆ ಸಿಕ್ಕಿದ್ದರೆ ಒಲೆಗೆ ಹಾಕುತ್ತಿದ್ದರು, ಇಲ್ಲವೇ ಹುಗಿಯುತ್ತಿದ್ದರು. ಶನಿಯಾರ ಮಡಿವಾಳ. ರಕ್ತದ ಕಲೆಗೆ ಬಿಸಿ ತಾಗಿದರೆ ಕೂತೇ ಬಿಡುತ್ತದೆ, ಜನ್ಮಕ್ಕೂ ಏಳುವುದಿಲ್ಲ. ಅದಕ್ಕೆ ತಣ್ಣೀರೇ ಬೇಕು. ಅಪ್ಪ ಕಲಿಸಿದ್ದು. ಅವನು ಅಂಗಿಯನ್ನು ಉಬ್ಬೆಯಿಂದ ಬೇರೆ ತೆಗೆದ. ಉಪ್ಪು ತಿಕ್ಕಿದ. ಹಳ್ಳದ ಮಗ್ಗುಲಿಗೆ ಕಲ್ಲು ಹೇರಿ ನೆನೆಹಾಕಿದ. ಎಲ್ಲದರ ಜೊತೆ ಬೇಯಿಸಿಬಿಟ್ಟಿದ್ದರೆ ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ. ಕೆಲಸ ನೆಟ್ಟಗೆ ಮಾಡಲು ಹೋಗಿ ಸಿಕ್ಕಿಬಿದ್ದ. ಹಳ್ಳ ದಾಟುತ್ತಿದ್ದ ಪೋಲೀಸನಿಗೆ ನೀರಿನೊಳಗೆ ಒಂದು ತೋಳು ಅಲ್ಲಾಡುವುದು ಕಂಡಿತು. ಹೆಣ ಎಂದುಕೊಂಡು ಎಳೆದರೆ ಅಂಗಿ.

ಕಾಲರಿನ ಒಳಗೆ ಗುಡ್ಡೆಗೇರಿನ ರಸದಲ್ಲಿ ಬರೆದ ಕಪ್ಪು ಗುರುತು ಇತ್ತು. ಒಂದೊಂದು ಮನೆಗೆ ಒಂದೊಂದು ಗುರುತು. ಚುಕ್ಕಿ, ಗೆರೆ, ಕೊಕ್ಕೆ. ಹಾಕಿದ ಮಡಿವಾಳರಿಗಲ್ಲದೆ ಇನ್ನೊಬ್ಬರಿಗೆ ಅದು ಓದಲು ಬಾರದು. ಹೊನ್ನಾವರದ ಫೌಜದಾರರಿಗೂ ಬರಲಿಲ್ಲ. ಯಾರ ಮನೆಯದು ಎಂದು ಎಂಟು ದಿನ ಕೇಳಿದರು. ಎಂಟು ದಿನವೂ ಕೈಯಿಂದಲೇ ಕೇಳಿದರು. ಶನಿಯಾರ ಹೇಳಲಿಲ್ಲ. ಗಂಟಿನಲ್ಲಿ ಕಂಡದ್ದು ಗಂಟಿನಲ್ಲೇ ಇರಬೇಕು. ಯಾವ ಸೊಸೆಗೆ ಮುಟ್ಟು ನಿಂತಿತು, ಯಾವ ಯಜಮಾನನಿಗೆ ಎಲ್ಲಿ ಹುಣ್ಣು, ಯಾರ ಮನೆಯ ಒಳ್ಳೆ ಸೀರೆಗೆ ಎಷ್ಟು ತೇಪೆ, ಮಡಿವಾಳರಿಗೆ ಎಲ್ಲ ಗೊತ್ತು. ಗೊತ್ತಿದ್ದೂ ಬಾಯಿ ಬಿಡುವುದಿಲ್ಲವೆಂದೇ ಊರು ಅವರ ಕೈಗೆ ಬಟ್ಟೆ ಕೊಡುವುದು.

ಒಂಬತ್ತನೆಯ ದಿನ ಅವನನ್ನು ಬಿಟ್ಟರು. ಚೈತ್ರ ಕಳೆಯುವುದರೊಳಗೆ ಒಂದು ಗುರುವಾರ ಗೊತ್ತುಮಾಡಿ, ಆ ದಿನ ಹೊನ್ನಾವರದ ಕೋರ್ಟಿಗೆ ಬಂದು ಮನೆಯ ಹೆಸರು ಹೇಳಬೇಕು ಎಂದರು. ಹೇಳದಿದ್ದರೆ ಅಂಗಿ ನಿನ್ನದೇ, ಕೊಲೆಯೂ ನಿನ್ನದೇ.

ಗುರುತು ಎರಡು ಚುಕ್ಕಿಯ ಕೆಳಗೆ ಒಂದು ಗೆರೆ. ಮಂಡಿ ಮಾಬ್ಲೇಶ್ವರ ಒಡೆಯರ ಮನೆಯದು. ಅಂಗಿ ಅವರ ಮಗ ತ್ರ್ಯಂಬಕನದು. ಅವನು ಗಲಾಟೆಯ ವಾರವೇ ಮುಂಬಯಿಯ ಸೋದರಮಾವನ ಮನೆಗೆ ಹೋಗಿದ್ದ. ಸೋಮಿಯ ಗುಡಿಸಲು ಇರುವುದು ಒಡೆಯರ ಜಾಗದಲ್ಲಿ. ಬಟ್ಟೆ ಒಣಗಿಸುವ ಬಯಲೂ ಅವರದೇ.

ನವಾಯತಕೇರಿಗೆ ಶುಕ್ರವಾರದ ನಮಾಜಿನ ಬಿಳಿ ಬಟ್ಟೆ ಗುರುವಾರವೇ ಮುಟ್ಟಬೇಕು. ಕೋರ್ಟಿನ ದಿನಕ್ಕೆ ಎರಡು ವಾರ ಇರುವಾಗ, ಒಂದು ಗುರುವಾರ, ಸೋಮಿ ಮಾಲು ಸಾಗಿಸುವ ಮಚವೆ ದೋಣಿಗಳ ಧಣಿ ಕೋಯಾ ಸಾಹೇಬರ ಮನೆಯ ಹಿತ್ತಿಲ ಬಾಗಿಲಲ್ಲಿ ಗಂಟು ಇಳಿಸಿದಳು. ಸಾಹೇಬರ ಸೊಸೆ ಹಾಜಿರಾ ಬೀಬಿ ಬಾಗಿಲನ್ನು ಅರ್ಧವೇ ತೆರೆದಳು. ಸತ್ತ ಮೀರಾನ್ ಅವಳ ತಮ್ಮ. ಮೊದಲಾದರೆ ಬೀಬಿ ಗಂಟನ್ನು ಹಾಗೆಯೇ ಒಳಗೆ ಎಳೆದುಕೊಂಡು, ಒಂದು ಎಲೆಯಡಿಕೆ ಕೊಟ್ಟು, ಮದ್ರಾಸಿನಲ್ಲಿರುವ ಗಂಡನ ಸುದ್ದಿ ಹೇಳುತ್ತಿದ್ದಳು. ಈಗ ಒಂದೊಂದು ಬಟ್ಟೆಯನ್ನೂ ಬಿಡಿಸಿ ಮೂಗಿಗೆ ಹಿಡಿದಳು.

"ಇದು ಯಾವ ಹಂಡೇದು?"

"ಗಡಿಗೇದು ಬೀಬಿ. ನಿಮ್ದೆಲ್ಲ ಗಡಿಗೇಲೇ."

"ತಾಮ್ರದ್ದು ಅವ್ರಿಗೆ. ಮಣ್ಣಿಂದು ನಮ್ಗೆ."

"ಹಂಗಾರೆ ಬರೂ ವಾರದಿಂದ ತಾಮ್ರದ್ದು ನಿಮ್ಗೇ ಇಡ್ತೆ."

"ಅದ್ರಲ್ಲಿ ಅವ್ರದ್ದು ಬೆಂದದಲ್ಲ. ಬೇಡ."

ಸೋಮಿಗೆ ನಗು ಬಂತು. ನಗಲಿಲ್ಲ. ಈಗ ಯಾರ ಎದುರು ನಕ್ಕರೂ ಅದಕ್ಕೊಂದು ಅರ್ಥ ಹುಟ್ಟುತ್ತದೆ.

ಬೀಬಿ ಬಟ್ಟೆ ಮಡಚುತ್ತ, ಕಣ್ಣೆತ್ತದೆ ಕೇಳಿದಳು. "ಅವ್ರ ಕೇರೀಲಿ ನಮ್ಮ ಸುದ್ದಿ ಎಂತ ಮಾತಾಡ್ತ್ರು?"

"ನಾ ಹಿತ್ಲ ಬಾಗ್ಲಲ್ಲಿ ನಿಲ್ಲೂಳು. ನಂಗೆ ಎಂತ ಕೇಳ್ತದೆ?"

"ಹಿತ್ಲ ಬಾಗ್ಲಲ್ಲೇ ಎಲ್ಲ ಕೇಳೂದು." ಬೀಬಿ ಈಗ ಕಣ್ಣೆತ್ತಿದಳು. "ಸೋಮಿ, ಆ ಅಂಗಿ ಯಾರ್ದು?"

"ಗೊತ್ತಿಲ್ಲ ಬೀಬಿ."

"ನಿನ್ನ ಕೈಯಾರೆ ಹಾಕಿದ ಗುರ್ತು ನಿಂಗೆ ಗೊತ್ತಿಲ್ಲ."

ಸೋಮಿ ಕಾಲುಂಗುರ ನೋಡಿಕೊಂಡಳು.

"ಮೀರಾನ್ ಹುಟ್ಟಿದಾಗ ಅವ್ನ ಸುತ್ತಿದ ಚೌಕದ ಬಟ್ಟೆ ತೊಳೆದಿದ್ದು ನಿನ್ನ ಅತ್ತೆ. ಸುನ್ನತಿ ಆದಾಗಿನ ಲುಂಗಿ ತೊಳೆದಿದ್ದು ನೀನು. ಅವ್ನ ರಕ್ತ ನಿಂಗೆ ಹೊಸದೇ?"

"ಬೀಬಿ," ಎಂದಳು ಸೋಮಿ, "ನಿಮ್ಮ ಮನೆ ಗಂಟಲ್ಲಿ ಕಂಡಿದ್ದನ್ನೂ ಯಾರ ಹತ್ರನೂ ಹೇಳಿಲ್ಲ ನಾನು. ಹೇಳೂದು ನಿಮ್ಗೆ ಬೇಕಾ?"

ಹಾಜಿರಾ ಬೀಬಿಯ ಕೈ ನಿಂತಿತು. ಅವಳು ಏನನ್ನೋ ನೆನಪು ಮಾಡಿಕೊಂಡ ಹಾಗೆ ಸೋಮಿಯ ಮುಖ ನೋಡಿದಳು. ಆಮೇಲೆ ಬಾಗಿಲು ಹಾಕಿಕೊಂಡಳು. ಮೈಲಿಗೆ ಬಟ್ಟೆಯ ಗಂಟನ್ನು ಕಿಟಕಿಯಿಂದ ಹೊರಗೆ ಬಿಟ್ಟಳು.

ಆ ಗಂಟನ್ನು ಹಳ್ಳದಲ್ಲಿಟ್ಟು, ಒಗೆದ ಇನ್ನೊಂದು ಗಂಟು ಹೊತ್ತು ಮೇಲಿನಕೇರಿಗೆ ಬರುವ ದಾರಿಯಲ್ಲಿ, ಅರಳಿಕಟ್ಟೆಯ ಹತ್ತಿರ, ಮಂಡಿಯ ಹಮಾಲಿ ಸುಬ್ಬ ಬಿದಿರು ಹಿಡಿದು ಕೂತಿದ್ದ. ಅವನು ಈಗ ಕೇರಿಯ ಕಾವಲು.

"ಗಂಟು ಇಳ್ಸು."

"ದಿನಾ ಇಳ್ಸೂದೇನೋ? ಇದು ಈ ಕೇರಿ ಪ್ರಭುಗಳ ಮನೆ ಒಗೆದ ಬಟ್ಟೆ."

"ಆ ಕಡೆಯಿಂದ ಎಂತ ತತ್ತೆ ಅಂತ ಕಾಣ್ಬೇಕು. ಒಡೇರ ಹುಕುಂ. ಅವ್ರ ಮನೇಲಿ ಚಾ ಕುಡ್ದು ಬಂದ್ಯಾ?"

"ಚಾ ಕೊಡೂ ಕಾಲ ಹೋತು. ನಿಮ್ಮ ಕೃಪೆ."

ಸುಬ್ಬ ಬಿದಿರಿನಿಂದ ಗಂಟು ಕೆದಕಿದ. ಗಂಜಿ ಹಾಕಿ ಮಡಚಿದ ಪಂಚೆಗಳು ಕೆಮ್ಮಣ್ಣಿನಲ್ಲಿ ಹೊರಳಿದವು. ಚಾಕು ಸಿಗಲಿಲ್ಲ, ಕಾಗದ ಸಿಗಲಿಲ್ಲ. ಸುಬ್ಬನ ಹೆಂಡತಿಯ ಸೀರೆಯೂ ವರ್ಷಕ್ಕೆ ಒಂದೇ ಸಲ ಸೋಮಿಯ ಕೈಗೆ ಬರುವುದು. ಇಬ್ಬರೂ ಒಡೆಯರ ಜಾಗದಲ್ಲಿ ಗುಡಿಸಲು ಹಾಕಿಕೊಂಡವರು. ಅವನು ಅವಳ ಮುಖ ನೋಡಲಿಲ್ಲ. ಸೋಮಿ ಮಣ್ಣಾದ ಪಂಚೆಗಳನ್ನು ಮತ್ತೆ ಕಟ್ಟಿ, ತಲೆಗೆ ಏರಿಸಿ, ವಾಪಸ್ಸು ಹಳ್ಳಕ್ಕೆ ನಡೆದಳು. ಮತ್ತೆ ನೆನೆಸಬೇಕು. ಮತ್ತೆ ಬಡಿಯಬೇಕು. ರಟ್ಟೆ ಸೇದುತ್ತಿತ್ತು.

ಆದಿತ್ಯವಾರ ಬೆಳಿಗ್ಗೆ ಒಡೆಯರ ತಾಯಿ ತೀರಿಕೊಂಡರು.

ಸತ್ತ ಮನೆಯ ಹಾಸಿಗೆ, ಸೀರೆ, ಹೊದಿಕೆ ಹೊರುವುದು ಮಡಿವಾಳ್ತಿಯ ಕೆಲಸ. ಸೋಮಿ ಹಿತ್ತಿಲಲ್ಲಿ ನಿಂತು ಮುದುಕಿಯ ಹಾಸಿಗೆ ವಸ್ತ್ರ ಕಟ್ಟುತ್ತಿದ್ದಳು. ಉಚ್ಚೆಯ ವಾಸನೆ ಮೂಗಿಗೆ ಹೊಡೆಯುತ್ತಿತ್ತು. ಮಾಬ್ಲೇಶ್ವರ ಒಡೆಯರು ಬಾವಿಕಟ್ಟೆಯ ಹತ್ತಿರ ಬಂದು ನಿಂತರು. ಬರಿಮೈ, ತಲೆ ಬೋಳಿಸಿದ್ದರು. ಅಷ್ಟು ಹತ್ತಿರ ಅವರು ಎಂದೂ ಬಂದವರಲ್ಲ.

"ಶನಿಯಾರ ಹೆಂಗಿದ್ದ?"

"ಹಂಗೇ ಅವ್ನೆ ಒಡ್ಯಾ."

"ಮುಂದಿನ ವಾರ ಅವ್ನ ಗುರುವಾರ. ನೋಡು ಸೋಮಿ, ನಾನೂ ಕೋಯಾ ಸಾಹೇಬ್ರೂ ಕೂತು ಮಾತಾಡಿದೆವು. ಶಾಂತಿ ಕಮಿಟಿ ಅಂತ ಆಗಿದೆ. ಮಳೆ ಹತ್ರ ಬಂತು. ಅಷ್ಟರೊಳಗೆ ಮಚವೆ ಬರಬೇಕು, ಕೊಬ್ರಿ ಹೋಗಬೇಕು. ಅವ್ರ ಮಾಲು ನಮ್ಮ ಮಂಡಿಗೆ, ನಮ್ಮ ಮಾಲು ಅವ್ರ ಮಚವೆಗೆ. ಊರು ಒಂದಾಗಬೇಕೋ ಬೇಡವೋ?"

"ಆಗ್ಲಿ ಒಡ್ಯಾ."

"ಈ ಕೇಸು ಒಂದು ಮುಗೀಬೇಕು. ಶನಿಯಾರ ಅಂಗಿ ನಂದೇ ಅನ್ನಲಿ. ಬಂದರಕ್ಕೆ ಹೋಗಿದ್ದೆ, ಜನ ಮೇಲೆ ಬಿದ್ರು, ಹೆದ್ರಿ ಕೈ ಬೀಸಿದೆ ಅಂದ್ರೆ ಆತು. ವಕೀಲರನ್ನು ನಾವೇ ಇಡ್ತೇವೆ. ಎರಡೋ ಮೂರೋ ವರ್ಷ. ಹೆಂಗೂ ಅವ್ನ ಕೈಲಿ ಕೆಲಸ ಆಗೂದಿಲ್ಲ."

ಸೋಮಿಯ ಕೈ ಗಂಟಿನ ಮೇಲೇ ಇತ್ತು. "ಅವ್ನು ಆ ದಿನ ಬಂದರಕ್ಕೆ ಹೋಗೇ ಇಲ್ಲ. ಹಳ್ಳದಾಗೇ ಇದ್ದ."

"ಅದು ನಂಗೆ ಗೊತ್ತಿಲ್ಲವಾ?"

"ಸತ್ತಿದ್ದು ಕೋಯಾ ಸಾಹೇಬ್ರ ಸೊಸೆ ತಮ್ಮ. ಅವ್ರು ಒಪ್ಪಿದ್ರಾ?"

"ಊರಿಗಾಗಿ ಒಪ್ಪಿದ್ರು. ದೊಡ್ಡ ಮನುಷ್ಯ." ಒಡೆಯರು ಹಗ್ಗದ ಮೇಲಿನ ಕಾಗೆಯನ್ನು ಓಡಿಸಿದರು. "ಅವ್ರು ಯಾಕೆ, ನಿನ್ನ ಗಂಡನೇ ಒಪ್ದ. ಮೊನ್ನೆ ಇಲ್ಲೇ ನಿಂತು ತಲೆ ಆಡ್ಸಿ ಹೋದ. ನಿಂಗೆ ಹೇಳ್ಲಿಲ್ಲವಾ?"

ಗಂಡ ಹೇಳಿರಲಿಲ್ಲ.

ಸೋಮಿ ಮುದುಕಿಯ ಹಾಸಿಗೆ ಹೊತ್ತು ಹಳ್ಳಕ್ಕೆ ಬಂದಳು. ಶನಿಯಾರ ಒಲೆಯ ಮುಂದೆ ಕೂತಿದ್ದ.

"ಒಡೇರ ಮನೆಗೆ ಹೋಗಿದ್ಯಾ?"

ಅವನು ಸೌದೆ ದೂಡಿದ.

"ಒಪ್ಪಿದ್ಯಾ?"

"ಜಾಗ ಅವ್ರದ್ದು," ಎಂದ. ಎಷ್ಟೋ ದಿನದ ಮೇಲೆ ಆಡಿದ ಮಾತು ಅದು.

ಆವತ್ತಿನಿಂದ ಸೋಮಿಗೆ ಗಂಡನ ಮೇಲೇ ಕಣ್ಣು. ಅವನು ಎದ್ದರೆ ಎಲ್ಲಿಗೆ, ಕೂತರೆ ಯಾಕೆ. ಗುಡ್ಡದಿಂದ ಸೌದೆ ತರುವಾಗಲೂ ತಿರುಗಿ ತಿರುಗಿ ಹಳ್ಳದ ಕಡೆ ನೋಡುತ್ತಿದ್ದಳು. ಊರೆಲ್ಲ ಊರನ್ನು ಹೀಗೆ ನೋಡುತ್ತಿತ್ತು. ಕಡೆಗೆ ಅದು ತನ್ನ ಗುಡಿಸಲೊಳಗೂ ಬಂತು ಎಂದು ಅವಳಿಗೆ ಹೇಸಿಗೆಯಾಯಿತು. ಆದರೂ ನೋಡುವುದು ಬಿಡಲಿಲ್ಲ. ಸೋಮವಾರ ಮಾಡಿನ ಸೋಗೆಗೆ ಸಿಕ್ಕಿಸಿದ್ದ ಕಾಗದದ ಪೊಟ್ಟಣ ಕಣ್ಣಿಗೆ ಬಿತ್ತು. ಬಿಚ್ಚಿದರೆ ಕೋರಾ ಪಂಚೆ. ಕಂಟ್ರೋಲಿನ ಕಾಲ. ಬಡವರಿಗೆ ಮದುವೆಗೂ ಹೊಸ ಬಟ್ಟೆ ಸಿಗುತ್ತಿರಲಿಲ್ಲ. ನೀರು ಕಾಣದ, ಗುರುತು ಬೀಳದ ಮಿಲ್ಲಿನ ಪಂಚೆ. ಕೋರ್ಟಿಗೆ ಉಟ್ಟುಕೊಂಡು ಹೋಗಲು ಒಡೆಯರು ಕೊಟ್ಟದ್ದು.

ಗಂಡನನ್ನು ಅವಳು ಏನೂ ಕೇಳಲಿಲ್ಲ. ಪೊಟ್ಟಣವನ್ನು ಮತ್ತೆ ಅಲ್ಲಿಯೇ ಸಿಕ್ಕಿಸಿದಳು. ಎಂಟು ದಿನ ಹೊಡೆದರೂ ಬಾಯಿ ಬಿಡದಿದ್ದವನ ಬಾಯಿಯನ್ನು ಒಂದು ಪಂಚೆ ಬಿಡಿಸಿತೇ? ಅಥವಾ ಆ ಎಂಟು ದಿನವೂ ಅವನು ಬಾಯಿ ಮುಚ್ಚಿಕೊಂಡದ್ದು ಈ ಜಾಗದ ಹೆದರಿಕೆಗೇ ಏನು? ಗಂಟಿನ ಮಾತು ಎಂದು ತಾನು ಇಷ್ಟು ದಿನ ನಂಬಿದ್ದು ಬರೀ ಸುಳ್ಳೇ? ಯಾವುದೂ ಬಗೆಹರಿಯಲಿಲ್ಲ. ಬಗೆಹರಿದದ್ದು ಒಂದೇ. ಮಾಡದ ಕೊಲೆಯನ್ನು ಹೊರುವುದು ಮಡಿವಾಳರ ಕೆಲಸವಲ್ಲ.

ಬುಧವಾರ ಹನ್ನೊಂದನೆಯ ದಿನ. ಮರುದಿನ ಗುರುವಾರ.

ಸೂತಕದ ಮನೆಗೆ ಹನ್ನೊಂದನೆಯ ದಿನ ಮಡಿವಾಳ್ತಿ ಮಡಿ ಕೊಡಬೇಕು. ತಾನು ಒಗೆದ ವಸ್ತ್ರ ತಂದು ಜಗಲಿಯಲ್ಲಿ ಹಾಸಬೇಕು. ಮನೆಯವರು ಅದನ್ನು ಹೆಗಲಿಗೆ ಹಾಕಿಕೊಂಡ ಮೇಲೆ ಸೂತಕ ಕಳೆಯುತ್ತದೆ. ಅದಾಗುವವರೆಗೆ ಆ ಮನೆಯ ಅನ್ನವನ್ನು ನೆಂಟರು ಮುಟ್ಟುವಂತಿಲ್ಲ. ವರ್ಷವಿಡೀ ಹಿತ್ತಿಲ ಬಾಗಿಲಲ್ಲಿ ನಿಲ್ಲುವವಳು ಆ ಒಂದು ದಿನ ಮುಂಬಾಗಿಲಿನಿಂದ ಬರುತ್ತಾಳೆ.

ಕುಮಟೆಯಿಂದ, ಧಾರೇಶ್ವರದಿಂದ ನೆಂಟರು ಬಂದಿದ್ದರು. ಚಪ್ಪರದ ಕೆಳಗೆ ಬಾಳೆಲೆ ರಾಶಿ ಬಿದ್ದಿತ್ತು. ಹುಳಿಯ ಪರಿಮಳ ಬೇಲಿಯ ದಣಪೆಯವರೆಗೂ ಬರುತ್ತಿತ್ತು. ಅಂಗಳದ ತುದಿಯಲ್ಲಿ, ಬೇರೆಯಾಗಿ ಹಾಕಿದ ಕುರ್ಚಿಯಲ್ಲಿ, ಕೋಯಾ ಸಾಹೇಬರು ಕೂತಿದ್ದರು. ಗಲಾಟೆಯಾದ ಮೇಲೆ ಅವರು ಈ ಕೇರಿಗೆ ಕಾಲಿಟ್ಟದ್ದು ಅದೇ ಮೊದಲು. ಶಾಂತಿ ಕಮಿಟಿಯ ಶಾಂತಿ ಎಲ್ಲರ ಕಣ್ಣಿಗೂ ಬೀಳಲಿ ಎಂದು ಒಡೆಯರೇ ಕರೆಸಿದ್ದರು.

ಸೋಮಿ ದಣಪೆ ದಾಟಿ ಬಂದಳು. ಕೈಯಲ್ಲಿ ಒಂದು ಬಟ್ಟೆ ಇತ್ತು. ಭಟ್ಟರು, "ಬಂತು ಬಂತು, ಮಡಿ ಬಂತು, ಏಳಿ" ಎಂದರು. ಅವಳು ಜಗಲಿಯ ಕೆಳಗಿನ ಮೆಟ್ಟಿಲ ಮೇಲೆ ಅದನ್ನು ಇಟ್ಟು ಹಿಂದೆ ಸರಿದಳು.

"ಮೇಲೆ ಹಾಸು," ಎಂದರು ಭಟ್ಟರು.

"ಇದು ಮಡಿ ಅಲ್ಲ ಭಟ್ರೇ. ಕೋರಾ ಪಂಚೆ. ಒಡೇರು ನನ್ನ ಗಂಡಂಗೆ ಕೊಟ್ಟಿದ್ದು. ತಿರುಗಿ ತಂದೆ."

ಒಡೆಯರ ಮುಖ ಕಪ್ಪಿಟ್ಟಿತು. "ಮಡಿ ಎಲ್ಲಿ?"

"ಮನೇಲದೆ. ಒಗೆದು ಮಡ್ಚಿ ಇಟ್ಟಿದ್ದೆ."

"ತಾ."

"ತತ್ತಿಲ್ಲ."

ಒಡೆಯರ ಅಕ್ಕ ನಾಗಮ್ಮ ಒಳಗಿನಿಂದ ಹೊಸ್ತಿಲಿಗೆ ಬಂದರು. "ಎಂತದೇ ಸೋಮಿ ಇದು? ನನ್ನ ಆಯಿ ನಿಂಗೆ ಎಂತ ಅನ್ಯಾಯ ಮಾಡಿದ್ಲು?"

"ಅವ್ರು ಮಾಡಿಲ್ಲ ಅಮ್ಮಾ. ಅವ್ರ ಉಚ್ಚೆ ಬಟ್ಟೆ ನಾಲ್ಕು ವರ್ಷ ತೊಳೆದೆ. ಒಂದಿನ ಮೂಗು ಮುಚ್ಕಂಡಿಲ್ಲ. ಇವತ್ತಿಂದು ಅವ್ರ ಮೇಲಿನ ಸಿಟ್ಟಲ್ಲ."

"ಮತ್ತೆ?"

"ಪೋಲೀಸ್ರ ಹತ್ರ ಒಂದು ಅಂಗಿ ಅದೆ. ಅದು ಯಾರ್ದು ಅಂತ ನಾ ಹೇಳೂದಿಲ್ಲ. ಒಡೇರೇ ಹೇಳ್ಲಿ. ಹೊನ್ನಾವರಕ್ಕೆ ಬರೂದು ಬೇಡ. ಇಲ್ಲಿ, ಈ ನೆಂಟ್ರ ಎದುರು ಹೇಳಿದ್ರೆ ಸಾಕು. ನಾ ಈಗ್ಲೇ ಓಡಿ ಹೋಗಿ ಮಡಿ ತತ್ತೆ."

ಧಾರೇಶ್ವರದ ನೆಂಟನೊಬ್ಬ ತ್ರ್ಯಂಬಕ ಎಲ್ಲಿ, ಅಜ್ಜಿಯ ಹನ್ನೊಂದಕ್ಕೂ ಬರಲಿಲ್ಲವಾ ಎಂದು ಬೆಳಿಗ್ಗೆ ಕೇಳಿದ್ದ. ಈಗ ಅವನು ಕಾಲ ಹೆಬ್ಬೆರಳಿನಿಂದ ಸಗಣಿ ಸಾರಿಸಿದ ನೆಲ ಕೆರೆಯತೊಡಗಿದ.

ಕೋಯಾ ಸಾಹೇಬರು ಕುರ್ಚಿಯಿಂದ ಎದ್ದರು. ಮೆತ್ತಗೆ, ಮಗಳಿಗೆ ಹೇಳುವ ಹಾಗೆ ಹೇಳಿದರು. "ಸೋಮಿ, ಊರು ಈಗಷ್ಟೇ ತಣ್ಣಗಾಗಿದೆ. ದೊಡ್ಡವರು ಕೂತು ಒಂದು ಮಾತಿಗೆ ಬಂದಿದ್ದೇವೆ. ನೀನು ಮಧ್ಯೆ ಬರಬೇಡ."

"ನಾ ಬರ್ಲಿಲ್ಲ ಸಾಹೇಬ್ರೇ. ನೀವಿಬ್ರೂ ಸೇರಿ ನನ್ನ ಗಂಡನ್ನ ಮಧ್ಯೆ ಹಾಕಿದ್ರಿ. ಮೀರಾನ್ ನಿಮ್ಮ ಮನೇಲಿ ಉಂಡು ಬೆಳೆದವ್ನು. ಅವ್ನನ್ನ ಕೊಂದವ ಯಾರು ಅಂತ ನಿಮ್ಗೂ ಗೊತ್ತು. ಹಾಜಿರಾ ಬೀಬಿಗೆ ಎಂತ ಹೇಳಿದ್ರಿ? ಮಡಿವಾಳ ಕೊಂದ ಅಂದ್ರಾ?"

ಸಾಹೇಬರು ಮತ್ತೆ ಕೂತರು. ಕೈಯಲ್ಲಿದ್ದ ಜಪಮಣಿ ಮುಂದೆ ಹೋಗಲಿಲ್ಲ.

ಒಡೆಯರು ಮೆಟ್ಟಿಲು ಇಳಿದರು. "ಜಾಗ ನಂದು ಅನ್ನೋದು ನೆನಪಿದೆಯಾ? ನಾಳೆ ಸಂಜೆ ಒಳಗೆ ಗುಡಿಸ್ಲು ಕೀಳಿಸ್ತೇನೆ."

"ಕೀಳ್ಸಿ."

"ಶಿರಾಲಿಯಿಂದ ಬೇರೆ ಮಡಿವಾಳನ್ನ ತರಿಸ್ತೇನೆ."

"ತರ್ಸಿ. ನಾ ಬಟ್ಟೆ ಒಗೆಯೂ ಒಕ್ಕಲಿನ ಮನೆಗೆ ಇನ್ನೊಬ್ಬ ಮಡಿವಾಳ ಕಾಲಿಡ್ತ್ನಾ ಕೇಳಿ."

ಒಡೆಯರ ಕೈ ಮೇಲೆದ್ದಿತು. ನಾಗಮ್ಮ, "ತಮ್ಮಾ, ಸೂತಕದ ಮೈ" ಎಂದರು. ಕೈ ಅಲ್ಲಿಯೇ ನಿಂತಿತು. ಸೋಮಿ ಕಣ್ಣು ಕೆಳಗೆ ಹಾಕಲಿಲ್ಲ. ಬಂದ ದಾರಿಯಲ್ಲೇ, ಮುಂಬಾಗಿಲಿನಿಂದಲೇ ಹೊರಟಳು.

ಶಿರಾಲಿಯ ಮಡಿವಾಳ ಮಾದೇವ ಮಧ್ಯಾಹ್ನದ ಬಸ್ಸಿಗೆ ಬಂದ. ದಣಪೆಯ ಹೊರಗೇ ನಿಂತು ಸಂಗತಿ ಕೇಳಿದ. ಸೋಮಿ ಹೂಂ ಅನ್ನದೆ ನಾ ಒಳಗೆ ಬರೂಕಾಗೂದಿಲ್ಲ ಎಂದು ಅದೇ ಬಸ್ಸು ಹಿಡಿದ. ಭಟ್ಟರು ತೀರ್ಥ ತಳಿದು ಎಲ್ಲ ಶುದ್ಧ ಎಂದರು. ಹೊತ್ತು ಇಳಿಯುವುದರೊಳಗೆ ಧಾರೇಶ್ವರದವರು ಹೊಟ್ಟೆ ಸರಿಯಿಲ್ಲವೆಂದು ಎದ್ದರು. ಕುಮಟೆಯವರಿಗೆ ದೂರದ ದಾರಿ ನೆನಪಾಯಿತು. ಆ ಅಡಿಗೆಯನ್ನು ಹೊಳೆಗೆ ಹಾಕಿದರಂತೆ.

ಸೋಮಿ ಗಂಡನಿಗೆ ಇಷ್ಟೇ ಹೇಳಿದಳು. "ಪಂಚೆ ಕೊಟ್ಟು ಬಂದೆ. ಮಡಿ ಕೊಡ್ಲಿಲ್ಲ." ಬೆಳಿಗ್ಗೆ ಶನಿಯಾರ ಹರಿದ ಪಂಚೆಯನ್ನೇ ಉಟ್ಟು, ಹೊನ್ನಾವರದ ದಾರಿಯಲ್ಲಿ ಅವಳಿಗಿಂತ ಮುಂದೆ ನಡೆದ.

ಕೋರ್ಟಿನ ಜವಾನ ಸೋಮಿಯನ್ನು ಹೊರ ಜಗಲಿಯಲ್ಲೇ ತಡೆದ. ಒಳಗೆ ಶನಿಯಾರ ಒಬ್ಬನೇ. ಎರಡೂ ಕೇರಿಯ ಜನ ಬಂದಿದ್ದರು. ಒಂದು ಕಡೆಯವರು ಆಲದ ನೆರಳಿನ ಈ ಮಗ್ಗುಲಿಗೆ, ಇನ್ನೊಂದು ಕಡೆಯವರು ಆ ಮಗ್ಗುಲಿಗೆ. ಎಲ್ಲರ ಕಣ್ಣೂ ಬಾಗಿಲ ಮೇಲೆ. ಸೋಮಿ ಬಿಸಿಲಿನಲ್ಲಿ ನಿಂತಳು. ಒಳಗಿನಿಂದ ಯಾರೋ ಕೆಮ್ಮಿದ್ದು ಕೇಳಿತು. ಕಾರಕೂನ ಗದರಿದ್ದು ಕೇಳಿತು. ಗಂಡನ ದನಿ ಕೇಳಲಿಲ್ಲ.

ಅವನು ಹೊರಗೆ ಬಂದಾಗ ಎಡಗೈ ಹೆಬ್ಬೆಟ್ಟಿನಲ್ಲಿ ಮಸಿ ಇತ್ತು. ಜೊತೆಗೆ ಪೋಲೀಸರಿರಲಿಲ್ಲ.

"ಎಂತ ಹೇಳ್ದೆ?"

"ನಡಿ. ತಾರಿ ದೋಣಿ ಹೋಗ್ತದೆ."

ಹೆಬ್ಬೆಟ್ಟು ಯಾವುದಕ್ಕೆ ಒತ್ತಿದ? ನಂದೇ ಎಂದು ಒತ್ತಿದ್ದರೂ ಒಡೆಯರ ವಕೀಲರು ಈವತ್ತಿಗೆ ಬಿಡಿಸಿರಬಹುದು. ಅವಳು ಅವನ ಬೆನ್ನು ನೋಡುತ್ತ ಕಡವಿನವರೆಗೆ ಬಂದಳು. ಬೆನ್ನು ಏನನ್ನೂ ಹೇಳಲಿಲ್ಲ.

ಶರಾವತಿ ದಾಟಿಸುವ ದೋಣಿಯಲ್ಲಿ ಬಿದ್ರಕೋಡಿಯವರೇ ತುಂಬಿದ್ದರು. ಮೇಲಿನಕೇರಿಯವರು ಮೂತಿಯ ಕಡೆಗೆ ಒತ್ತಿ ಕೂತರು. ನವಾಯತಕೇರಿಯವರು ಹಿಂಬದಿಗೆ ಒತ್ತಿ ಕೂತರು. ನಡುವಿನ ಹಲಗೆಗಳು ಖಾಲಿ. ದೋಣಿ ನಡೆಸುವ ಶಿವ ಸೊಂಟಕ್ಕೆ ಕೈ ಇಟ್ಟು ನೋಡಿದ.

"ಎರಡು ತುದಿಗೂ ಹೇರಿದ್ರೆ ಹಲಗೆ ಬಿಡ್ತದೆ ಮಾರಾಯ್ರೆ. ನಡೂ ಬನ್ನಿ."

ಯಾರೂ ಏಳಲಿಲ್ಲ.

"ಸಾಯಿರಿ ಹಂಗಾರೆ. ಶನಿಯಾರಣ್ಣ, ಸೋಮಕ್ಕ, ನೀವಾದ್ರೂ ನಡೂ ಕೂತ್ಕಳಿ."

ಅವರಿಬ್ಬರೂ ನಡುವೆ ಕೂತರು. ದೋಣಿ ಹೊಳೆಗೆ ಬಿತ್ತು. ದಂಡೆ ದೂರವಾಯಿತು. ಶಿವನಿಗೆ ತಡೆಯಲಾಗಲಿಲ್ಲ.

"ಅಣ್ಣಾ, ಹೇಳ್ಬಿಟ್ಯಾ? ಅಂಗಿ ಯಾರ್ದಂದೆ?"

ಎರಡೂ ತುದಿಯ ತಲೆಗಳು ನಡುವಿಗೆ ತಿರುಗಿದವು. ಸೋಮಿ ಗಂಡನ ಕಡೆ ತಿರುಗಲಿಲ್ಲ. ತಿರುಗಲು ಅವಳಿಗೆ ಭಯವಾಯಿತು.

ಶನಿಯಾರ ಮಸಿಯ ಹೆಬ್ಬೆಟ್ಟನ್ನು ಹರಿದ ಪಂಚೆಗೆ ಒರಸಿದ. ಮಾತಾಡಿ ಅಭ್ಯಾಸ ತಪ್ಪಿದ ದನಿ ದೊಡ್ಡದಾಗಿಯೇ ಬಂತು.

"ಗುರ್ತು ಓದಿ ಹೇಳಿದೆ. ಮಂಡಿ ಮಾಬ್ಲೇಶ್ವರ ಒಡೇರ ಮನೇದು. ತ್ರ್ಯಂಬಕಂದು. ಬರ್ಕಂಡ್ರು."

ಹಿಂದಿನ ತುದಿಯಲ್ಲಿ ಒಬ್ಬ ಮುದುಕ ಬೆರಳು ಮಡಚಿ ಮೀರಾನನ ಹೆಸರಿನಲ್ಲಿ ದುವಾ ಗುಣುಗಿದ. ಅವನ ಪಕ್ಕದವನು ನವಾಯತಿಯಲ್ಲಿ ಪಿಸುಗುಟ್ಟಿದ: ಇವತ್ತು ಅವರ ಗಂಟು ಬಿಚ್ಚಿದ, ನಾಳೆ ನಮ್ಮದು. ಸೋಮಿಗೆ ಆ ಮಾತು ಅರ್ಥವಾಯಿತು. ಮುಂದಿನ ತುದಿಯಿಂದ ಸುಬ್ಬ ಎದ್ದು ನಿಂತ.

"ಒಡೇರ ಜಾಗದಲ್ಲಿ ಕೂತ್ಕಂಡು ಒಡೇರ ಮೇಲೇ ಹೇಳಿದ್ಯಲ್ಲೋ. ಇವತ್ತು ಸಂಜೆ ಗುಡಿಸ್ಲು ಕೀಳೂಕೆ ನಂಗೇ ಹೇಳಿದ್ದು ಅವ್ರು."

"ನಿಂಗೆ ತ್ರಾಸ ಬೇಡ, ನಾವೇ ಕಿತ್ಕಳ್ತೇವೆ," ಎಂದಳು ಸೋಮಿ. "ಹಂಡೆ, ಗಡಿಗೆ, ನಮ್ಮ ಚಿಂದಿ ಎಲ್ಲ ಹೊತ್ಕಂಡು ಹೋಗ್ತೇವೆ. ಆ ಅಂಗಿ ಮಾತ್ರ ಹೊರೂದಿಲ್ಲ. ಅದನ್ನ ಒಡೇರೇ ಹೊರ್ಲಿ."